ನೆಲದ ಮೇಲೆ ಬಿಳಿ ಉಪ್ಪು: ಎಕರೆಗೆ ಎಷ್ಟು ಜಿಪ್ಸಂ ಹಾಕಬೇಕು?

ಪ್ರಶ್ನೆ: ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಎರೆಭೂಮಿ. ಬೇಸಿಗೆ ಬಂದರೆ ನೆಲದ ಮೇಲೆ ಬಿಳಿ ಉಪ್ಪು ಏಳುತ್ತದೆ. ಎಕರೆಗೆ ಎಷ್ಟು ಜಿಪ್ಸಂ ಹಾಕಬೇಕು?

ಉತ್ತರ: ಬಹುಶಃ ಒಂದು ಚೀಲವೂ ಬೇಕಿಲ್ಲ. ಬಿಳಿ ಉಪ್ಪು ಸಾಮಾನ್ಯವಾಗಿ ಸವಳಿನ, ಅಂದರೆ ನೀರಲ್ಲಿ ಕರಗುವ ಉಪ್ಪು ಹೆಚ್ಚಾದ ಮಣ್ಣಿನ ಗುರುತು. ಜಿಪ್ಸಂ ಕೆಲಸ ಮಾಡುವುದು ಕರಲು ಮಣ್ಣಿನಲ್ಲಿ, ಅಂದರೆ ರಸಸಾರ (pH) 8.5ಕ್ಕಿಂತ ಹೆಚ್ಚಿದ್ದು, ಮಣ್ಣಿಗೆ ಅಂಟಿದ ಸೋಡಿಯಂ ಶೇ 15 ದಾಟಿದ ಕಡೆ. ಬರೀ ಸವಳಿಗೆ ಅದನ್ನು ಸುರಿದರೆ ಉಪ್ಪಿಗೆ ಇನ್ನಷ್ಟು ಉಪ್ಪು ಸೇರಿಸಿದಂತೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕಾಲುವೆ ಬಂದ್ ಇರುವಾಗ 0–15, 15–30, 30–60, 60–90 ಸೆಂ.ಮೀ. ಆಳದ ಮಣ್ಣನ್ನು ಬೇರೆಬೇರೆಯಾಗಿ ತೆಗೆಯಿರಿ. ವರದಿ ಓದುವಾಗ ಹಲವರು ಎಡವುವುದು ಇಲ್ಲಿ: ಸವಳಿನ ಗಡಿಯಾದ ಇಸಿ (ಉಪ್ಪಿನ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆ) 4, ಮಣ್ಣನ್ನು ನೀರಲ್ಲಿ ಕಲಸಿ ಹಿಂಡಿದ ಸ್ಯಾಚುರೇಶನ್ ರಸದ ಲೆಕ್ಕ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದರೆ ಅಂಕಿ ತೀರಾ ಕಡಿಮೆ ಬರುತ್ತದೆ. ಅದನ್ನು ನೋಡಿ ಜಮೀನು ಚೆನ್ನಾಗಿದೆ ಅಂದುಕೊಳ್ಳಬೇಡಿ. ಜೊತೆಗೆ ತೂತು ಹಾಕಿದ ಪಿವಿಸಿ ಪೈಪನ್ನು ಎರಡು ಮೀಟರ್ ಆಳಕ್ಕೆ ಇಳಿಸಿ, ನೀರು ಎಷ್ಟು ಕೆಳಗಿದೆ ನೋಡಿ. ಒಂದೂವರೆ ಮೀಟರಿನೊಳಗೆ ನಿಂತಿದ್ದರೆ ಅದೇ ಮೇಲೇರಿ, ಆರಿ, ಉಪ್ಪು ಬಿಡುತ್ತಿದೆ.

ತುಂಗಭದ್ರಾ ಯೋಜನೆ ರೂಪಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ (ಕಡಿಮೆ ನೀರು ಬೇಡುವ) ಬೆಳೆಗೆ. 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಮೇಲ್ಭಾಗದಲ್ಲಿ ಭತ್ತ ಹರಡಿತು. ಕೊನೆಯ ಹೊಲಗಳಿಗೆ ನೀರು ತಪ್ಪಿದ್ದಕ್ಕೂ ತಗ್ಗಿನ ಜಮೀನು ಜವಳಾಗಿದ್ದಕ್ಕೂ (ನೀರು ನಿಂತು ಕೆಟ್ಟಿದ್ದಕ್ಕೂ) ಇದು ದೊಡ್ಡ ಕಾರಣ. ಭತ್ತ ಸವಳು ತಡೆಯುತ್ತದೆ ಎನ್ನುವುದು ಅರ್ಧ ಸತ್ಯ. ನಿಂತ ನೀರು ಉಪ್ಪನ್ನು ಕೆಳಗೆ ದಬ್ಬುವುದರಿಂದ ಬದುಕುತ್ತದೆ ಅಷ್ಟೇ. ಅದೇ ನೀರು ನೆಲದೊಳಗಿನ ಮಟ್ಟ ಏರಿಸುತ್ತದೆ. ಉಪ್ಪು ತಾಳುವ ಶಕ್ತಿ ನಿಜವಾಗಿ ಹತ್ತಿ, ಜೋಳಕ್ಕೇ ಹೆಚ್ಚು.

ಪರಿಹಾರ ಬಸಿಗಾಲುವೆ, ಅಂದರೆ ಹೊಲದ ಹೆಚ್ಚುವರಿ ನೀರು ಹೊರಹೋಗುವ ದಾರಿ. ಮೇಲಿನ ಗದ್ದೆಯಿಂದ ಸೋರಿ ಬರುತ್ತಿದ್ದರೆ ಆ ಬದುವಿನುದ್ದಕ್ಕೂ ನಾಲ್ಕು ಅಡಿಗಿಂತ ಆಳದ ತೆರೆದ ಚರ ತೋಡಿ. ಪೂರ್ತಿ ಜವಳಿಗೆ 80 ಮಿ.ಮೀ. ವ್ಯಾಸದ, ರಂಧ್ರಗಳಿರುವ ಸುಕ್ಕು ಪೈಪಿಗೆ ಫಿಲ್ಟರ್ ಬಟ್ಟೆ ಸುತ್ತಿ, ಸುಮಾರು ಒಂದು ಮೀಟರ್ ಆಳದಲ್ಲಿ ಸಾಲಾಗಿ ಹೂಳುತ್ತಾರೆ. ಸಾಲುಗಳ ಅಂತರ ಮಣ್ಣು ನೋಡಿ ಗೊತ್ತುಮಾಡುವುದು; ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಪೈಪಿನ ಬಾಯಿ ಹಳ್ಳದ ನೀರಿಗಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಹಳ್ಳವೇ ಹೊಲಕ್ಕೆ ಹರಿಯುತ್ತದೆ. ಅಷ್ಟು ಇಳಿಜಾರಿಲ್ಲದ ಕಡೆ ಗುಂಡಿ ತೋಡಿ ಪಂಪ್ ಇಡಬೇಕು.

ಆಮೇಲೆ ಉಪ್ಪು ತೊಳೆಯುವುದು. ಒಂದು ಅಡಿ ಮಣ್ಣಿನ ಉಪ್ಪು ಸುಮಾರು ಶೇ 80ರಷ್ಟು ಹೋಗಲು ಒಂದು ಅಡಿ ನೀರು ಕೆಳಗೆ ಇಳಿಯಬೇಕು. ಒಂದೇ ಸಲ ನಿಲ್ಲಿಸುವುದಕ್ಕಿಂತ ಬಿಟ್ಟುಬಿಟ್ಟು ಕಟ್ಟಿದರೆ ನೀರು ಉಳಿತಾಯವಾಗುತ್ತದೆ. ವರದಿಯಲ್ಲಿ ಕರಲೂ ಇದೆ ಎಂದಾದರೆ, ಪ್ರಯೋಗಾಲಯ ಹೇಳಿದಷ್ಟು ಜಿಪ್ಸಂ ಅನ್ನು ಈ ಹಂತದಲ್ಲಿ, ಮೇಲಿನ 10 ಸೆಂ.ಮೀ.ಗೆ ಮಾತ್ರ ಬೆರೆಸಿ, ನಂತರ ನೀರು ಕಟ್ಟಿ.

ಚರ, ಪೈಪಿನ ಕೆಲಸವನ್ನೆಲ್ಲ ಕಾಲುವೆಗೆ ನೀರು ಬಿಡುವ ಮೊದಲೇ ಮುಗಿಸಿ. ಹಸಿ ಎರೆಯಲ್ಲಿ ಚರದ ಗೋಡೆ ಕುಸಿಯುತ್ತದೆ, ಮೆತ್ತಿದ ಜೇಡಿ ಪೈಪಿನತ್ತ ನೀರು ಬಿಡುವುದಿಲ್ಲ.