ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್‌ಗೆ ಏನು ಕೂಡಿಸಬೇಕು, ಏನು ಬೇಡ

ಭಾನುವಾರ ಬೆಳಿಗ್ಗೆ ಮೈಸೂರಿನ ಸರಸ್ವತಿಪುರಂನಲ್ಲಿ ನಾವು ನಾಲ್ಕೈದು ಜನ ಸೇರಿ ಟ್ರ್ಯಾಪ್ ಮತ್ತು ಸ್ಕೀಟ್ ಶೂಟಿಂಗ್, ಅಂದರೆ ಗಾಳಿಯಲ್ಲಿ ಹಾರುವ ಬಿಲ್ಲೆಗಳನ್ನು ಶಾಟ್‌ಗನ್‌ನಿಂದ ಒಡೆಯುವ ಸ್ಪರ್ಧೆಗಳ ಬಗ್ಗೆ ಓದುತ್ತೇವೆ. ಮಂಡ್ಯದಿಂದ ಬರುವ ಗೆಳೆಯನ ಮನೆಯಲ್ಲಿ ತಾತನ ಕಾಲದ ಜೋಡಿ ನಳಿಗೆ ಕೋವಿ ಇದೆ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಹೆದರಿಸೋಕೆ ಅಂತ ಲೈಸೆನ್ಸ್ ಮಾಡಿಸಿದ್ದು. ಹೋದ ವಾರ ಅವನು ಕೇಳಿದ: "ಸೆಮಿ ಆಟೊಮ್ಯಾಟಿಕ್ ಕೈಗೆ ಬಂದರೆ ಮೊದಲು ಏನು ಹಾಕಿಸಬೇಕು?" ಚರೆ, ಅಂದರೆ ಸಣ್ಣ ಗುಂಡುಗಳನ್ನು ಹಾರಿಸಿ, ಪ್ರತಿ ಈಡಿನ ನಂತರ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಕೋವಿ ಅದು. ಏನೂ ಹಾಕಿಸಬೇಡ, ಮೊದಲು ಅದನ್ನು ನಿನ್ನ ಮೈಗೆ ಹೊಂದಿಸಿಕೋ ಅಂದೆ. ಯಾಕೆ ಅಂತ ಇಲ್ಲಿ ಬರೆದಿದ್ದೇನೆ.

ಕಾನೂನಿನ ಮಾತು ಮೊದಲು. 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಸೆಮಿ ಆಟೊಮ್ಯಾಟಿಕ್ ಕೋವಿಗಳು ಬಿಗಿ ನಿರ್ಬಂಧ ಇರುವ ಮೊದಲನೇ ವರ್ಗಕ್ಕೆ ಸೇರುತ್ತವೆ. 20 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್ ಮತ್ತು ಸದ್ದು ಅಡಗಿಸುವ ಸಾಧನಗಳೂ ಅದೇ ವರ್ಗ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಕ್ಕೆ 1959ರ ಆರ್ಮ್ಸ್ ಆಕ್ಟ್‌ನ 6ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು. ಹಾಗಾಗಿ ಏನೇ ಬದಲಾವಣೆ ಇದ್ದರೂ ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಕೇಳಿ. ಮೈಸೂರು ನಗರದವರಿಗೆ ಪೊಲೀಸ್ ಕಮಿಷನರ್ ಕಚೇರಿ, ಮಂಡ್ಯದವರಿಗೆ ಡಿಸಿ ಕಚೇರಿ.

ಈಗ ಹೊಂದಾಣಿಕೆ. ರೈಫಲ್‌ನಲ್ಲಿ ಹಿಂದೊಂದು ಮುಂದೊಂದು ಗುರಿಗಾಣಿ ಇರುತ್ತದೆ. ಶಾಟ್‌ಗನ್‌ನಲ್ಲಿ ಸಾಮಾನ್ಯವಾಗಿ ಮುಂದೆ ಒಂದು ಮಣಿ ಮಾತ್ರ, ಹಿಂದಿನ ಗುರಿಗಾಣಿ ನಿಮ್ಮ ಕಣ್ಣೇ. ಕೆನ್ನೆ ಕೂರುವ ಜಾಗ 1 ಮಿ.ಮೀ. ಎತ್ತರವಾದರೆ 35 ಮೀಟರ್ ದೂರದಲ್ಲಿ ಈಡು ಸುಮಾರು 4 ಸೆಂ.ಮೀ. ಮೇಲೆ ಹೋಗುತ್ತದೆ. ಲೆಕ್ಕ ಸುಲಭ: ಕಣ್ಣಿಂದ ಮಣಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಕಮ್ಮಿ, ಅದರ ಹತ್ತಿರ ಹತ್ತಿರ ನಲವತ್ತರಷ್ಟು ದೂರದಲ್ಲಿ ಬಿಲ್ಲೆ. ಇಷ್ಟು ಸಣ್ಣ ವ್ಯತ್ಯಾಸ ಸರಿ ಮಾಡೋಕೆ ಬಹಳ ಸೆಮಿ ಆಟೊಗಳ ಜೊತೆ ತೆಳ್ಳಗಿನ ಪ್ಲಾಸ್ಟಿಕ್ ತುಂಡುಗಳು, ಅಂದರೆ ಶಿಮ್‌ಗಳು ಬರುತ್ತವೆ. ಡಬ್ಬಿಯಲ್ಲೇ ಇರುವ ಅವನ್ನು ಮುಟ್ಟದೆ ಹೊಸ ಮಣಿ, ಹೊಳೆಯುವ ಫೈಬರ್ ಗುರಿಗಾಣಿಗೆ ದುಡ್ಡು ಹಾಕೋದು ನನಗೆ ಸರಿ ಕಾಣುವುದಿಲ್ಲ.

ಉದ್ದವೂ ಅಷ್ಟೇ ಮುಖ್ಯ. ನಾನು ಮೊದಲು ಹಿಡಿದ ಕೋವಿಯ ಹಿಂಬದಿ ನನಗೆ ಉದ್ದ ಇತ್ತು. ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂತಿತು. ಇಪ್ಪತ್ತೈದು ಈಡು ಹೊಡೆಯುವಷ್ಟರಲ್ಲಿ ಅಂಗೈ ಅಗಲ ನೀಲಿಗಟ್ಟಿತ್ತು. ನೋವು ತಡೆಯಲು ದಪ್ಪ ರಬ್ಬರ್ ಪ್ಯಾಡ್ ಹಾಕಿದ್ದರೆ ಕೋವಿ ಇನ್ನೂ ಉದ್ದವಾಗುತ್ತಿತ್ತು, ಅಲ್ವಾ? ಹಿಂಬದಿಯ ಉದ್ದ ಹೊಂದಿಸಲು ಇಡುವ ಒಂದು ಸೆಂ.ಮೀ.ನ ತುಂಡು, ಅಂದರೆ ಸ್ಪೇಸರ್ ತೆಗೆದ ಮೇಲೆ ನೋವೂ ಹೋಯಿತು, ಬಿಲ್ಲೆಗಳೂ ಒಡೆಯತೊಡಗಿದವು.

ಆಮೇಲೆ ಚೋಕ್. ನಳಿಗೆಯ ತುದಿಗೆ ತಿರುಪಿ ಕೂರಿಸುವ ಕೊಳವೆ ಇದು. 12 ಬೋರ್ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. ಸ್ಕೀಟ್ ಚೋಕ್ ಅದನ್ನು ತುದಿಯಲ್ಲಿ 0.13 ಮಿ.ಮೀ.ನಷ್ಟು ಬಿಗಿ ಮಾಡುತ್ತದೆ, ಮಾಡಿಫೈಡ್ 0.5, ಫುಲ್ ಚೋಕ್ 0.9ರ ಆಸುಪಾಸು. ಬಿಗಿಯಾದಷ್ಟೂ ಚರೆಗಳು ದೂರದವರೆಗೆ ಒತ್ತಾಗಿ ಹೋಗುತ್ತವೆ. 40 ಗಜ ದೂರದ ಕಾಗದದ ಮೇಲೆ 30 ಇಂಚಿನ ವೃತ್ತ ಬರೆದು ಹೊಡೆದರೆ, ಫುಲ್‌ನಲ್ಲಿ ಸುಮಾರು 70 ಶೇಕಡಾ ಚರೆ ಒಳಗೆ ಬೀಳಬೇಕು, ಮಾಡಿಫೈಡ್‌ನಲ್ಲಿ 60. ತೂತುಗಳನ್ನು ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಎಣಿಸಿ. ಬೇಜಾರಿನ ಕೆಲಸ ನಿಜ, ಆದರೆ ನಿಮ್ಮ ಕೋವಿ, ನಿಮ್ಮ ತೋಟಾ ಏನು ಮಾಡುತ್ತವೆ ಅಂತ ಗೊತ್ತಾಗೋದು ಇಲ್ಲೇ.

ಸೆಮಿ ಆಟೊಗೆ ಇಲ್ಲಿ ಒಂದು ಮಿತಿ ಇದೆ. ಒಲಿಂಪಿಕ್ ಟ್ರ್ಯಾಪ್‌ನ ಅರ್ಹತಾ ಸುತ್ತಿನಲ್ಲಿ ಒಂದು ಬಿಲ್ಲೆಗೆ ಎರಡು ಈಡು ಹೊಡೆಯಬಹುದು. ಎರಡನೆಯದರ ಹೊತ್ತಿಗೆ ಬಿಲ್ಲೆ ಇನ್ನೂ ದೂರ ಹೋಗಿರುತ್ತದೆ. ಜೋಡಿ ನಳಿಗೆಯಲ್ಲಿ ಎರಡಕ್ಕೂ ಬೇರೆ ಬೇರೆ ಚೋಕ್ ಹಾಕಬಹುದು. ಒಂಟಿ ನಳಿಗೆಯ ಸೆಮಿ ಆಟೊದಲ್ಲಿ ಒಂದೇ ಚೋಕ್. ಟ್ರ್ಯಾಪ್ ಶೂಟರ್‌ಗಳು ಹೆಚ್ಚಾಗಿ ಮೇಲೊಂದು ಕೆಳಗೊಂದು ನಳಿಗೆಯ ಕೋವಿಯನ್ನೇ ಹಿಡಿಯಲು ಇದೂ ಒಂದು ಕಾರಣ.

ತೂಕ ಸೇರಿಸುವ ಮುಂಚೆ ಕೋವಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿಕೊಳ್ಳಿ. ಗ್ಯಾಸ್ ಕೋವಿಯಲ್ಲಿ ನಳಿಗೆಯ ಸಣ್ಣ ತೂತಿನಿಂದ ಬರುವ ಗ್ಯಾಸ್ ಪಿಸ್ಟನ್ ತಳ್ಳುತ್ತದೆ. ಮಸಿ ಕಟ್ಟುತ್ತದೆ, ಆಗಾಗ ಬಿಚ್ಚಿ ಒರೆಸಬೇಕು. ಇನರ್ಷಿಯಾ ಕೋವಿಯಲ್ಲಿ ಕೋವಿ ಹಿಂದಕ್ಕೆ ಒದೆಯುವ ಚಲನೆಯೇ ಸ್ಪ್ರಿಂಗ್ ಒತ್ತುತ್ತದೆ. ಅದಕ್ಕೆ ಭಾರ ಕಟ್ಟಿದರೆ ಒದೆತ ಕಮ್ಮಿಯಾಗುತ್ತದೆ, ಸ್ಪರ್ಧೆಯ 24 ಗ್ರಾಂ ತೋಟಾದಲ್ಲಿ ಖಾಲಿ ಶೆಲ್ ಹೊರಗೆ ಬಾರದೆ ಸಿಕ್ಕಿಕೊಳ್ಳಬಹುದು. ತೋಟಾ ತುಂಬಿಡುವ ಮ್ಯಾಗಜಿನ್ ಉದ್ದ ಮಾಡುವ ಕೊಳವೆ ನಮಗೆ ಬೇಡವೇ ಬೇಡ, ಎರಡಕ್ಕಿಂತ ಜಾಸ್ತಿ ತೋಟಾ ತುಂಬುವುದೇ ಇಲ್ಲ. ಕೋವಿಗೆ ಪಟ್ಟಿ ಕಟ್ಟುವುದಕ್ಕೂ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅವಕಾಶವಿಲ್ಲ.

ನಾನು ಒತ್ತಿ ಹೇಳುವ ವಸ್ತು ಶೆಲ್ ಕ್ಯಾಚರ್. ಖಾಲಿ ಶೆಲ್ ಬಲಕ್ಕೆ ಹಾರಿ ಪಕ್ಕದವರ ಮೇಲೆ ಬೀಳದಂತೆ ತಡೆಯುವ ಚಿಕ್ಕ ತಡೆ ಅದು. ಅದಕ್ಕೂ ಮುಂಚೆ ಕಿವಿ, ಕಣ್ಣಿನ ರಕ್ಷಣೆ. ಕೋವಿಯ ಸದ್ದು 150 ಡೆಸಿಬಲ್ ದಾಟುತ್ತದೆ, 140ಕ್ಕೇ ಕಿವಿಗೆ ಶಾಶ್ವತ ಪೆಟ್ಟಾಗಬಹುದು. ಕಿವಿಯೊಳಗೆ ಪ್ಲಗ್ ಹಾಕಿ, ಅದರ ಮೇಲೆ ಇಡೀ ಕಿವಿ ಮುಚ್ಚುವ ಮಫ್ ಹಾಕಿ. ಗೆಳೆಯನ ತಾತ ಬರಿಗಿವಿಯಲ್ಲೇ ಹೊಡೆಯುತ್ತಿದ್ದರು. ಈಗ ಮೊಮ್ಮಗ ಎಡಗಡೆ ಕೂತು ಮಾತಾಡಿದರೆ ಕೇಳುವುದಿಲ್ಲ, ಬಲಗಡೆಗೆ ಬಾ ಅನ್ನುತ್ತಾರೆ.