ಕೆರೆಯುವ ಮುನ್ನ ಒಂದು ಚೂರು ಉಳಿಸಿ

ಹಳೆ ಕಾರಿನ ಒಳಬಣ್ಣ ಹೊಂದಿಸಿಕೊಡಿ ಎಂದು ಬನ್ನಿಮಂಟಪದ ನನ್ನ ಶೆಡ್ಡಿಗೆ ಬರುವವರಲ್ಲಿ ಬಹಳ ಜನ ಎರಡು ಕೆಲಸ ಮುಗಿಸಿಕೊಂಡೇ ಬಂದಿರುತ್ತಾರೆ. ಡ್ಯಾಶ್‌ಬೋರ್ಡು, ಬಾಗಿಲಿನ ಒಳಮೈ, ಕಂಬ ಎಲ್ಲವನ್ನೂ ತಗಡು ಕಾಣುವ ತನಕ ಕೆರೆಸಿರುತ್ತಾರೆ. ಕೆರೆಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿರುತ್ತಾರೆ. ಆಮೇಲೆ ಆ ಫೋಟೋ ನನ್ನ ಮುಂದೆ ಹಿಡಿದು, "ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗೇ ಬೇಕು ಸಾರ್, ಇದೇ ಬಣ್ಣ" ಅನ್ನುತ್ತಾರೆ. ಎಷ್ಟು ವರ್ಷದಿಂದ ಈ ಮಾತು ಕೇಳುತ್ತಿದ್ದೇನೋ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ಶ್ರೀರಂಗಪಟ್ಟಣದ ಹತ್ತಿರ ಹಳೆ ಕಾರುಗಳ ಪಯಣ ಸಂಗ್ರಹಾಲಯ ತೆರೆಯಿತು. ಅಲ್ಲಿಗೆ ಹೋಗಿ ಬಂದವರು ತಮ್ಮ ಹುಲ್ಲಿನ ಮೆದೆ ಪಕ್ಕ ಮಲಗಿರುವ ಫಿಯೆಟ್ಟನ್ನೋ ಮಾರಿಸ್ ಮೈನರನ್ನೋ ನೆನಪಿಸಿಕೊಳ್ಳುತ್ತಾರೆ. ಅದು ನನಗೆ ನಿಜವಾಗಿ ಸಂತೋಷದ ವಿಷಯ. ಆದರೆ ಉತ್ಸಾಹದಲ್ಲಿ ಮೊದಲು ಕೈಗೆ ಬರುವುದು ಕೆರೆಯುವ ಬ್ಲೇಡೇ.

ಕಳೆದ ವರ್ಷ ಪಾಂಡವಪುರದ ಕಡೆಯ ಒಂದು ಕುಟುಂಬ ಅರವತ್ತರ ದಶಕದ ಫಿಯೆಟ್ 1100 ತಂದಿತ್ತು. ಆ ಕಾರಿನ ಡ್ಯಾಶ್‌ಬೋರ್ಡು ಬಣ್ಣ ಹೊಡೆದ ತಗಡಿನದು. ಬಣ್ಣ ತಪ್ಪಿದರೆ ಕೂತ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಕೆರೆದು ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿಯೂ ಆಗಿತ್ತು. ಮಗ ಫೋಟೋ ತೋರಿಸಿ ತಿಳಿ ನೀಲಿ ಅಂದ. ಅಳಿಯ ಬೂದು ಅಂದ. ಹಿಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿ, "ಅಕ್ಕಚ್ಚಿನ್ ಬಣ್ಣ ಇತ್ತು ಕನಪ್ಪಾ" ಅಂದರು. ಅಕ್ಕಚ್ಚು ಅಂದರೆ ಅಕ್ಕಿ ತೊಳೆದ ನೀರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫೋಟೋ ಎಲ್ಲಿ ತೆಗೆದಿರಿ ಎಂದು ಕೇಳಿದೆ. "ಶೆಡ್ಡಲ್ಲೇ ಸಾ, ಮೇಲೆ ಟಾರ್ಪಾಲ್ ಕಟ್ಟಿದ್ದೊ." ನೀಲಿ ಟಾರ್ಪಾಲು. ಅದರ ಕೆಳಗೆ ಬಿಳಿ ಪಂಚೆಯೂ ನೀಲಿಯಾಗಿಯೇ ಕಾಣುತ್ತದೆ.

ಫೋಟೋ ಯಾಕೆ ಆಗುವುದಿಲ್ಲ ಎನ್ನುವುದನ್ನು ದಯವಿಟ್ಟು ತಾಳ್ಮೆಯಿಂದ ಓದಿ. ಯಾವ ಬೆಳಕಿನಲ್ಲಿ ಚಿತ್ರ ತೆಗೆಯುತ್ತಿದ್ದೇನೆ ಎಂಬುದು ಫೋನಿಗೆ ಗೊತ್ತಿರುವುದಿಲ್ಲ. ಬಿಳಿ ಯಾವುದಿರಬಹುದು ಎಂದು ಅದು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಇಡೀ ಚಿತ್ರದ ಬಣ್ಣ ತಿದ್ದುತ್ತದೆ. ಆ ಚಿತ್ರ ನಿಮ್ಮ ಪರದೆಯಲ್ಲಿ ಒಂದು ಬಗೆ, ನನ್ನ ಪರದೆಯಲ್ಲಿ ಇನ್ನೊಂದು ಬಗೆ ಕಾಣುತ್ತದೆ. ನಂಬದವರ ಕೈಯಲ್ಲೇ ಒಂದು ಗ್ಲೋವ್‌ಬಾಕ್ಸ್ ಮುಚ್ಚಳ ಕೊಟ್ಟು, ಟ್ಯೂಬ್‌ಲೈಟಿನ ಕೆಳಗೆ ಒಂದು, ಬಾಗಿಲ ಹೊರಗೆ ಒಂದು ಫೋಟೋ ತೆಗೆಸುತ್ತೇನೆ. ಒಂದೇ ಮುಚ್ಚಳ, ಬಣ್ಣ ಎರಡು. ಆಗಲೂ ಕೆಲವರು "ನಂದು ದುಬಾರಿ ಫೋನ್ ಸಾರ್" ಅನ್ನುತ್ತಾರೆ.

ನಿಮ್ಮ ಮನೆಯ ಹೆಂಗಸರನ್ನು ಕೇಳಿ. ರವಿಕೆ ಬಟ್ಟೆ ತರಲು ದೇವರಾಜ ಅರಸು ರಸ್ತೆಗೆ ಹೋಗುವಾಗ ಸೀರೆಯನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ಅಂಗಡಿಯ ದೀಪದ ಕೆಳಗೆ ಸರಿಹೊಂದಿದರೂ ಎರಡನ್ನೂ ಬಾಗಿಲಿಗೆ ತಂದು ಬಿಸಿಲ ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಇನ್ನೂರು ರೂಪಾಯಿ ಬಟ್ಟೆಗೆ ಇಷ್ಟು ಎಚ್ಚರ ಇರುವ ಮನೆಯವರೇ ಲಕ್ಷಗಟ್ಟಲೆ ಸುರಿದ ಕಾರಿಗೆ ಬರಿಗೈಯಲ್ಲಿ ಬರುತ್ತಾರೆ.

ಬಾಗಿಲಿಗೆ ತಂದು ನೋಡುವುದಕ್ಕೆ ಕಾರಣವಿದೆ. ಎರಡು ಬಣ್ಣ ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಒಳಗಿನ ಪಿಗ್ಮೆಂಟು, ಅಂದರೆ ಬಣ್ಣ ಕೊಡುವ ಪುಡಿ, ಬೇರೆಯಾಗಿದ್ದಾಗ ಹೀಗಾಗುತ್ತದೆ. ಆ ಕಾಲದ ಹಳದಿಗಳಲ್ಲಿ ಸೀಸದ ಕ್ರೋಮೇಟ್ ಸಾಮಾನ್ಯವಾಗಿತ್ತು. ಇವತ್ತು ಬಣ್ಣ ಬೆರೆಸಲು ಬಳಸುವ ಟಿಂಟರುಗಳಲ್ಲಿ ಬೇರೆ ಪಿಗ್ಮೆಂಟುಗಳು. ಬಣ್ಣ ಅಳೆಯುವ ಯಂತ್ರ ಹಿಡಿದರೆ ಹತ್ತಿರದ ಫಾರ್ಮುಲಾ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಅದರ ಬಾಯಿ ಕೂರಲು ಸಮತಟ್ಟಾದ, ಕೊಳೆಯಿಲ್ಲದ ಜಾಗ ಬೇಕು. ಕೊನೆಯ ತೀರ್ಮಾನ ಕಣ್ಣಿನದೇ. ನಾನು ಬೆಳಗ್ಗೆ ಹತ್ತರ ಮೇಲೆ, ನೇರ ಬಿಸಿಲು ಬೀಳದ ನೆರಳಲ್ಲಿ ಒಮ್ಮೆ ನೋಡುತ್ತೇನೆ, ಸಂಜೆ ದೀಪದಲ್ಲಿ ಇನ್ನೊಮ್ಮೆ.

ಹಾಗಾದರೆ ಹೊಂದಿಸಲು ಬೇಕಾದ ಮೂಲ ಬಣ್ಣದ ಚೂರು ಎಲ್ಲಿ ಸಿಗುತ್ತದೆ? ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ಹುಡುಕಬೇಡಿ, ಅದು ಬಿಸಿಲಿಗೆ ಸುಟ್ಟಿರುತ್ತದೆ. ಸ್ಪೀಡೋಮೀಟರ್ ಬಿಚ್ಚಿದಾಗ ಕಾಣುವ ಅಂಚು, ಗ್ಲೋವ್‌ಬಾಕ್ಸ್ ಬಾಯಿಯ ಒಳಮಡಿಕೆ, ಬಾಗಿಲಿನ ಪ್ಯಾಡ್ ಹಿಂದೆ, ಒಳದೀಪದ ಕೆಳಗೆ ನೋಡಿ. ಚಾಸಿ ನಂಬರಿನ ಫಲಕದ ಕೆಳಗೂ ಒಳ್ಳೆಯ ಬಣ್ಣ ಇರುತ್ತದೆ, ಆದರೆ ಅದರ ರಿವಿಟ್ಟಿಗೆ ಕೈ ಹಾಕಬೇಡಿ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಉತ್ತರ ಕೊಡುವುದು ಕಷ್ಟ. ಸಿಕ್ಕ ಜಾಗವನ್ನು ಮೊದಲು ಸೋಪಿನ ನೀರಲ್ಲಿ ಒರೆಸಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಕೆನೆಬಣ್ಣ ಅಂದುಕೊಂಡದ್ದರ ಅಡಿಯಲ್ಲಿ ಬಿಳಿ ಇರಬಹುದು.

ಕಾರಿಗೆ ಎಷ್ಟು ಸಲ ಬಣ್ಣ ಬಿದ್ದಿದೆ ಗೊತ್ತಿಲ್ಲದಿದ್ದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನುಣುಪಾದ ವಾಟರ್ ಪೇಪರಿನಿಂದ (ನೀರಲ್ಲಿ ಬಳಸುವ ಉಜ್ಜು ಕಾಗದ), ನೀರು ಹಾಕಿಕೊಂಡೇ, ನಿಧಾನವಾಗಿ ಉಜ್ಜಿ. ನೀರಿಲ್ಲದೆ ಉಜ್ಜಬೇಡಿ, ಹಳೆ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು. ಮರದ ಕೊರಡಿನ ಉಂಗುರಗಳ ಹಾಗೆ ಪದರಗಳು ಒಂದೊಂದಾಗಿ ಕಾಣುತ್ತವೆ. ತಗಡಿನ ಮೇಲಿನ ಮೊದಲ ಪದರವಾದ ಪ್ರೈಮರ್‌ಗೆ ತಾಗಿಕೊಂಡಿರುವ ಉಂಗುರವೇ ಸಾಮಾನ್ಯವಾಗಿ ನಮಗೆ ಬೇಕಾದದ್ದು. ಸಾಮಾನ್ಯವಾಗಿ ಎಂದೆ, ಏಕೆಂದರೆ ಯಾರೋ ಹಿಂದೆಯೇ ಪೂರ್ತಿ ಕೆರೆಸಿರಲೂಬಹುದು.

ಇಲ್ಲೊಂದು ತೊಡಕಿದೆ, ಕಸುಬಿನವರೂ ಇದರಲ್ಲಿ ಎಡವುತ್ತಾರೆ. ಮುಚ್ಚಿದ ಜಾಗದ ಬಣ್ಣ ಹೊಸದರಂತೆಯೇ ಇರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಬಿಳಿ, ಕೆನೆ, ತಿಳಿ ಬೂದು ಬಣ್ಣಗಳಲ್ಲಿ ಅದು ಪೂರ್ತಿ ನಿಜವಲ್ಲ. ಎಣ್ಣೆ ಬೆರೆತ ಸಿಂಥೆಟಿಕ್ ಎನಾಮೆಲ್ ಕತ್ತಲಲ್ಲೇ ಹಳದಿಗಟ್ಟುತ್ತದೆ. ಬೆಳಕಿಗಿಟ್ಟರೆ ಆ ಹಳದಿ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಚೂರನ್ನು ಬಿಚ್ಚಿದ ದಿನವೇ ಹೊಂದಿಸದೆ, ಕೆಲವು ದಿನ ಕಿಟಕಿಯ ಹತ್ತಿರ ಇಡಿ.

ಹೊಳಪನ್ನೂ ಮರೆಯುತ್ತಾರೆ. ಅದೇ ಬಣ್ಣದ ಮೇಲೆ ಈಗಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಬಿದ್ದರೆ ಗಾಢವಾಗಿ ಕಾಣುತ್ತದೆ, ಹೊಳಪು ಇಳಿಸಿದರೆ ತಿಳಿಯಾಗಿ ಕಾಣುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನ ಮೇಲ್ಭಾಗ ಅತಿಯಾಗಿ ಹೊಳೆದರೆ ಮುಂದಿನ ಗಾಜಿನಲ್ಲಿ ಪ್ರತಿಬಿಂಬ ಬಿದ್ದು ಓಡಿಸುವವರ ಕಣ್ಣು ಕುಕ್ಕುತ್ತದೆ.

ಇನ್ನೊಂದು ಮಾತು ಮೊದಲೇ ತೀರ್ಮಾನವಾಗಬೇಕು. ಒಂದು ಬಾಗಿಲಿಗೆ ಮಾತ್ರ ಬಣ್ಣ ಬೇಕಾದರೆ ಪಕ್ಕದ ಬಾಗಿಲಿನ ಇವತ್ತಿನ, ಮಾಸಿದ ಬಣ್ಣಕ್ಕೇ ಹೊಂದಿಸಬೇಕು. ಇಡೀ ಒಳಗು ಹೊಸದಾಗುವುದಾದರೆ ಮಾತ್ರ ಮುಚ್ಚಿಟ್ಟ ಚೂರಿಗೆ. ಎರಡಕ್ಕೂ ನೂರಕ್ಕೆ ನೂರು ಎಂದು ನಾನು ಮಾತು ಕೊಡುವುದಿಲ್ಲ. ಡಬ್ಬಿಯಲ್ಲಿ ಹಸಿಯಾಗಿರುವ ಬಣ್ಣ ನೋಡಿ ಒಪ್ಪಬೇಡಿ. ಸ್ಪ್ರೇ ಗನ್ನಿನಿಂದಲೇ, ಕಾರಿಗೆ ಹಾಕುವ ಪ್ರೈಮರಿನ ಮೇಲೇ, ತಗಡಿನ ಚೂರಿಗೆ ಹೊಡೆಸಿ, ಪೂರ್ತಿ ಒಣಗಿದ ಮೇಲೆ ನೋಡಿ.

ಪಾಂಡವಪುರದ ಕಾರಿನಲ್ಲಿ ಚೂರು ಹುಡುಕಲು ನನಗೆ ಅರ್ಧ ದಿನ ಹಿಡಿಯಿತು. ಗ್ಲೋವ್‌ಬಾಕ್ಸ್ ಬಾಯಿಯ ಮೇಲಿನ ಮಡಿಕೆಯಲ್ಲಿ, ಕೆರೆಯುವವನ ಬ್ಲೇಡ್ ಹೋಗದ ಕಡೆ, ಹುಣಸೆಬೀಜದಷ್ಟು ಉಳಿದಿತ್ತು. ಒರೆಸಿದಾಗ ಬೆಣ್ಣೆಯ ಹಳದಿ. ಅಲ್ಲಿಗೆ ಬೆಳಕು ಬೀಳುವಂತೆ ಕಾರನ್ನು ಬಾಗಿಲಿಗೆ ತಿರುಗಿಸಿ, ಕನ್ನಡಿಯೊಂದನ್ನು ಒರಗಿಸಿ ಹತ್ತು ದಿನ ಬಿಟ್ಟೆ. ಹಳದಿ ಇಳಿದು, ಬೂದು ಬೆರೆತ ಮಾಸಲು ಬಿಳಿ ಉಳಿಯಿತು. ಅಕ್ಕಿ ತೊಳೆದ ನೀರಿನ ಬಣ್ಣವೇ.

ಸ್ವಲ್ಪ ಸ್ವಲ್ಪ ವ್ಯತ್ಯಾಸದ ಮೂರು ತಗಡು ಹೊಡೆದು ಮನೆಯವರನ್ನು ಕರೆಸಿದೆ. ಈ ಸಲ ಮೊದಲು ಅಜ್ಜಿಯ ಕೈಗೆ ಕೊಟ್ಟೆ. ಅವರು ಮೂರನ್ನೂ ಹಿಡಿದು, ಯಾರೂ ಹೇಳದೆಯೇ, ಎದ್ದು ಶೆಡ್ಡಿನ ಬಾಗಿಲಿಗೆ ಹೋದರು. ಅಲ್ಲಿ ನಿಂತು ನೋಡಿ ನಡುವಿನದನ್ನು ಎತ್ತಿಕೊಂಡು, ಉಳಿದೆರಡನ್ನು ಮಗನ ಕೈಗೆ ವಾಪಸ್ ಕೊಟ್ಟರು.