ಫೋನಿನಲ್ಲಿ ಎಲ್ಲ ಸರಿ, ಅಡುಗೆಮನೆಯಲ್ಲಿ ಅಲ್ಲ

ನಲವತ್ತು ವರ್ಷ ಕಣ್ಣಳತೆಯಲ್ಲೇ ಸಾರು ಮಾಡಿದ ಕೈ. ಬೇಳೆ ಬೆಂದಿದೆ, ಹುಣಸೆಹಣ್ಣು ನೆನೆದಿದೆ, ಸಾರಿನ ಪುಡಿಯ ಡಬ್ಬಿ ತೆರೆದಿದೆ. ಮುಂದೇನು ಎಂಬುದು ಹೊಳೆಯದೆ ಅಮ್ಮ ಒಲೆಯ ಮುಂದೆ ನಿಂತಿದ್ದಾರೆ. ನೆನಪು, ಯೋಚನೆಯ ಶಕ್ತಿ ಕುಂದುತ್ತಾ ಹೋಗುವ ಡಿಮೆನ್ಷಿಯಾ ಎಷ್ಟೋ ಮನೆಗಳಲ್ಲಿ ಹೀಗೇ ಶುರುವಾಗುತ್ತದೆ.

ನೆಂಟರ ಹೆಸರು ಥಟ್ಟನೆ ಬಾರದೆ ಆಮೇಲೆ ಹೊಳೆಯುವುದು ವಯಸ್ಸಿನ ಮರೆವು. ಆ ನೆಂಟರು ಬೆಳಿಗ್ಗೆ ಮನೆಗೆ ಬಂದು ಹೋದದ್ದೇ ಸಂಜೆಗೆ ನೆನಪಿಲ್ಲ, ನೆನಪಿಸಿದರೂ ಬರುವುದಿಲ್ಲ ಎಂದರೆ ಅದು ಬೇರೆ. 'ಮದುವೆಯ ದಿನದ್ದೆಲ್ಲ ಹೇಳ್ತಾರೆ, ನೆನಪಿಗೇನೂ ಆಗಿಲ್ಲ' ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದೇ ಹೆಚ್ಚು. ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್ಝೈಮರ್ಸ್‌ನಲ್ಲಿ ಮೊದಮೊದಲು ಸೊರಗುವುದು ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ, ಹಿಪೊಕ್ಯಾಂಪಸ್. ಹಳೆಯದು ಬಹಳ ಕಾಲ ಉಳಿದಿರುತ್ತದೆ.

ದೂರದ ಊರಿನಲ್ಲಿರುವ ಮಕ್ಕಳು ಮೋಸಹೋಗುವುದು ಫೋನಿನಲ್ಲಿ. 'ಊಟ ಆಯ್ತಾ?' 'ಆಯ್ತು.' ಈ ಮಾತಿಗೆ ನೆನಪೇ ಬೇಕಿಲ್ಲ, ರೂಢಿ ಸಾಕು. ಏನು ಸಾರು, ನಿನ್ನೆ ಯಾರು ಬಂದಿದ್ದರು ಎಂದು ಕೇಳಿ, ಉತ್ತರವನ್ನು ಮನೆಯಲ್ಲಿರುವವರ ಬಳಿ ತಾಳೆ ನೋಡಿ. ಊರಿಗೆ ಹೋದಾಗ ಮಾತ್ರೆಯ ಸ್ಟ್ರಿಪ್ ಎಣಿಸಿ, ಕರೆಂಟ್ ಬಿಲ್ ಕಟ್ಟಿದ್ದಾರೆಯೇ, ಪಾತ್ರೆ ಸೀದಿವೆಯೇ ಗಮನಿಸಿ. ಜೊತೆಗಿರುವ ಸಂಗಾತಿ ಗೊತ್ತಿಲ್ಲದೆಯೇ ಆ ಕೆಲಸಗಳನ್ನೆಲ್ಲ ತಾನೇ ಮಾಡುತ್ತಾ ಲೋಪ ಮುಚ್ಚಿರಬಹುದು.

ಮರೆವಿಲ್ಲದೆಯೂ ಕಾಯಿಲೆ ಶುರುವಾಗುವುದುಂಟು. ಸಂಕೋಚದ ಮನುಷ್ಯ ಎಲ್ಲರೆದುರು ಒರಟಾಗಿ ಮಾತಾಡುವುದು, ಇಲ್ಲದ ಮಕ್ಕಳು ಕೋಣೆಯಲ್ಲಿ ಕಾಣುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇವನ್ನೂ ವೈದ್ಯರಿಗೆ ಹೇಳಬೇಕು.

ಬದಲಾವಣೆ ಎಷ್ಟು ದಿನದ್ದು ಎಂಬುದು ಬಹಳ ಮುಖ್ಯ. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬರುತ್ತದೆ. ಎರಡು ದಿನದಲ್ಲಿ ಗೊಂದಲ ಕವಿದರೆ ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕುಸಿತ, ಹೊಸ ಮಾತ್ರೆ, ಪಾರ್ಶ್ವವಾಯು ಇರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಕೆಲವು ವಾರಗಳ ಹಿಂದೆ ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ, ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಕಟ್ಟಿರಬಹುದು. ಬಿ12 ಕೊರತೆ, ಥೈರಾಯ್ಡ್ ಹಾರ್ಮೋನ್ ಕೊರತೆ, ಖಿನ್ನತೆ, ಕಿವಿ ಮಂದವಾಗಿರುವುದು ಎಲ್ಲವೂ ಮರೆವಿನಂತೆಯೇ ಕಾಣುತ್ತವೆ, ಇವಕ್ಕೆ ಚಿಕಿತ್ಸೆ ಇದೆ. 'ಅರವತ್ತಕ್ಕೆ ಅರಳು ಮರಳು' ಎಂದು ಕೈಬಿಟ್ಟರೆ ಈ ಅವಕಾಶವೂ ಕೈಜಾರುತ್ತದೆ.

ವೈದ್ಯರ ಬಳಿ ಹೋಗುವಾಗ 'ಮರೆವು ಜಾಸ್ತಿ' ಎಂದಷ್ಟೇ ಹೇಳಬೇಡಿ. ಐದಾರು ಘಟನೆಗಳನ್ನು ತಾರೀಖಿನೊಂದಿಗೆ ಬರೆದುಕೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿ. ನಿದ್ದೆಯ ಮಾತ್ರೆ, ಅಂಗಡಿಯಿಂದ ತಂದ ನೆಗಡಿ ಮಾತ್ರೆಯನ್ನೂ ಬಿಡಬೇಡಿ. ಇವೂ ಬುದ್ಧಿಗೆ ಮಂಕು ಕವಿಸುತ್ತವೆ. ಓದು ಎಷ್ಟೆಂಬುದನ್ನು ಮೊದಲೇ ತಿಳಿಸಿ. ಪೆನ್ನು ಹಿಡಿಯದ ಅಜ್ಜಿಗೆ ವೈದ್ಯರು ಪರೀಕ್ಷೆಗೆಂದು ಕೇಳುವ ಗಡಿಯಾರದ ಚಿತ್ರ ಬಿಡಿಸಲು ಬಾರದಿದ್ದರೆ ಅಷ್ಟಕ್ಕೇ ಅದು ಕಾಯಿಲೆ ಎನ್ನಲಾಗದು. ಸಂತೆಯಲ್ಲಿ ಚಿಲ್ಲರೆ ಎಣಿಸುತ್ತಿದ್ದಾಕೆ ಈಗ ಎಣಿಸಲಾರರೇ, ಯುಗಾದಿ ಆಯಿತೋ ಬರಬೇಕೋ ಗೊತ್ತಿದೆಯೇ ಎಂಬುದೇ ಅವರ ಪರೀಕ್ಷೆ.